ಸತ್ತವರನ್ನು ಕರೆಯುವ ಹಾಡುಗಳು

(ಶಿವಮೊಗ್ಗದಲ್ಲಿ ಓದುಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ನಡುನಡುವೆ ಹಾಡು ಕೇಳಿಸಿದ್ದೆ. ಬರಹದಲ್ಲಿ ಅದು ಆಗದ ಕಾರಣ ಅಲ್ಲಲ್ಲಿ ಎರಡು ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಆದರೂ ಇಷ್ಟು ಜನ ಬಂದಿದ್ದೀರಿ, ಸಂತೋಷ.

ಗೋಥಿಕ್ ಮೆಟಲ್ ಅನ್ನುವ ರಾಕ್ ಸಂಗೀತದ ಹೆಸರು ಕೇಳಿದ ಕೂಡಲೇ ಕಣ್ಣಿಗೆ ಬರುವುದು ಕಪ್ಪು ಬಟ್ಟೆ, ತಲೆಬುರುಡೆಯ ಟೀ ಶರ್ಟು, ಕಿವಿ ಗಡಚಿಕ್ಕುವ ಗಿಟಾರು. ಹಾಡಿನ ಪದ ಓದಿದರೆ ಸ್ಮಶಾನ, ಶವಪೆಟ್ಟಿಗೆ, ದೆವ್ವ, ರಕ್ತ. 'ಇವರಿಗೆ ಸಾವು ಅಂದ್ರೆ ಅಷ್ಟು ಇಷ್ಟವಾ?' ಅಂತ ಕೇಳುವವರಿದ್ದಾರೆ. ನಾನು ಇವತ್ತು ಹೇಳಬೇಕು ಅಂತಿರುವುದು ಒಂದೇ ವಿಷಯ. ಈ ಹಾಡುಗಳಲ್ಲಿ ಒಳ್ಳೆಯವು ಯಾವುವೋ, ಅವು ಸತ್ತವರ ಜತೆ ಮಾತು ಬಿಡಲು ಒಪ್ಪದವರ ಹಾಡುಗಳು. ಅಲ್ಲಿ ದೆವ್ವ ಹೆದರಿಸಲು ಬರುವುದು ಕಡಿಮೆ. ಯಾರೋ ಕರೆದರು ಅಂತ ಬರುವುದೇ ಜಾಸ್ತಿ. ಚೌಡಿ ಬನದ ಪಕ್ಕ ಬೆಳೆದ, ಹಿರಿಯರಿಗೆ ಎಡೆ ಇಟ್ಟು ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗಬೇಕು.

ಈ ಸಂಗೀತದ ಬೇರು ಅನ್ನಬಹುದಾದ ಹಾಡಿನಿಂದಲೇ ಶುರು ಮಾಡೋಣ. 1970ರ ಫೆಬ್ರುವರಿ 13, ಶುಕ್ರವಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಅಂದು ಹೊರಬಂತು. ತಂಡಕ್ಕೂ ಆಲ್ಬಮ್ಮಿಗೂ ಮೊದಲ ಹಾಡಿಗೂ ಒಂದೇ ಹೆಸರು. ಹಾಡು ಶುರುವಾಗುವುದು ಮಳೆಯ ಸದ್ದಿನಿಂದ. ಗುಡುಗು. ದೂರದಲ್ಲಿ ಚರ್ಚಿನ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ, ತುಂಬಾ ನಿಧಾನ. ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ನಮ್ಮ ಕಲ್ಯಾಣಿ ರಾಗದಲ್ಲಿ ಇರುವುದೂ ಇದೇ ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಅದಕ್ಕೆ ಒಂದು ಕಡೆ ಗಾಂಧಾರ, ಇನ್ನೊಂದು ಕಡೆ ಪಂಚಮ ಆಸರೆಗೆ ಇರುತ್ತವೆ. ಇಲ್ಲಿ ಆ ಸ್ವರ ಒಂಟಿ. ಕೇಳುವವರ ಕಳವಳ ಅಲ್ಲಿಂದಲೇ ಶುರುವಾಗುತ್ತದೆ, ಪದ ಬರುವ ಮೊದಲೇ.

ಪದ ಏನು ಹೇಳುತ್ತದೆ? ಎದುರಿಗೆ ಒಂದು ಕಪ್ಪು ಆಕೃತಿ ನಿಂತಿದೆ. ತನ್ನನ್ನೇ ಬೆರಳಿಟ್ಟು ತೋರಿಸುತ್ತಿದೆ. ಹಾಡುವವನು ಏನಿದು ಎಂದು ಕೇಳುತ್ತಾನೆ, ತಿರುಗಿ ಓಡುತ್ತಾನೆ, ಕೊನೆಗೆ ಕಾಪಾಡು ಎಂದು ದೇವರನ್ನು ಕೂಗುತ್ತಾನೆ. ಸೈತಾನನ ಪೂಜೆ ಅಂತ ಐವತ್ತು ವರ್ಷಗಳಿಂದ ಬೈಸಿಕೊಂಡ ಹಾಡು ಇದು. ಸುಮ್ನೆ ಪದ ಓದಿದರೆ ಸಾಕು, ಒಬ್ಬ ಹೆದರಿದ ಮನುಷ್ಯನ ಪ್ರಾರ್ಥನೆ ಅಂತ ತಿಳಿಯುತ್ತದೆ. ಆ ತಂಡದ ಹೆಚ್ಚಿನ ಹಾಡು ಬರೆದವರು ಬೇಸ್ ಗಿಟಾರ್ ನುಡಿಸುವ ಗೀಜರ್ ಬಟ್ಲರ್. ಐರಿಶ್ ಕ್ಯಾಥೊಲಿಕ್ ಮನೆಯವರು. ಮಾಟಮಂತ್ರದ ಪುಸ್ತಕ ಓದುವ ಹುಚ್ಚು ಹತ್ತಿದ್ದ ಕಾಲದಲ್ಲಿ, ಒಂದು ರಾತ್ರಿ ಎಚ್ಚರವಾದಾಗ ಹಾಸಿಗೆಯ ಕಾಲ ಬಳಿ ಕಪ್ಪು ಆಕೃತಿಯೊಂದು ನಿಂತಿದ್ದು ಕಂಡಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಮರುವರ್ಷ, 1971ರಲ್ಲಿ, ಅವರು ಬರೆದ ಇನ್ನೊಂದು ಹಾಡು ಸತ್ತ ಮೇಲೆ ಆತ್ಮ ಏನಾಗುತ್ತದೆ ಅಂತ ಕೇಳುಗರನ್ನೇ ಕೇಳುತ್ತದೆ, ದೇವರ ಪರವಾಗಿ ವಾದ ಮಾಡುತ್ತದೆ. ಆ ಹಾಡಿನ ಹೆಸರು 'ಆಫ್ಟರ್ ಫಾರೆವರ್'. ಮುಂದೆ ಹಾಲೆಂಡಿನ ಒಂದು ಗೋಥಿಕ್ ಮೆಟಲ್ ತಂಡ ಅದೇ ಹೆಸರು ಇಟ್ಟುಕೊಂಡಿತು.

ಆ ಭಾರವಾದ ನಾದ ಬಂದದ್ದಕ್ಕೂ ಒಂದು ಕಾರಣ ಇದೆ. ಗಿಟಾರಿನ ಟೋನಿ ಐಯೋಮಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 17ನೇ ವಯಸ್ಸಿನಲ್ಲಿ, ಕೆಲಸ ಬಿಡುವ ಕೊನೆಯ ದಿನ, ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಗೈ ವಾದಕರಿಗೆ ತಂತಿ ಒತ್ತಲು ಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ಮುಂದೆ ತಂತಿಗಳನ್ನು ಸಡಿಲ ಮಾಡಿ ಶ್ರುತಿ ಇಳಿಸಿದರು. ಕೆಳಗಿನ ಆ ಗುಡುಗು ದನಿ ಇವತ್ತಿಗೂ ಈ ಸಂಗೀತದ ಗುರುತು. ದೇಹ ಕಳೆದುಕೊಂಡದ್ದರಿಂದ ಹುಟ್ಟಿದ ನಾದ ಅದು. ನನಗೆ ಇದು ಬರೀ ಮಾಹಿತಿ ಅಲ್ಲ. ಸಾವಿನ ಬಗ್ಗೆ ಹಾಡುವ ಸಂಗೀತಕ್ಕೆ ಇದಕ್ಕಿಂತ ಪ್ರಾಮಾಣಿಕ ಆರಂಭ ಇರಲು ಸಾಧ್ಯವಿಲ್ಲ.

2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ತಿನ ಮೂಲ ನಾಲ್ವರು ತಮ್ಮ ಊರಿನಲ್ಲಿ ಕೊನೆಯ ಬಾರಿ ನುಡಿಸಿದರು. ಜುಲೈ 22ರಂದು ಗಾಯಕ ಆಜಿ ಆಸ್ಬೋರ್ನ್ ತೀರಿಕೊಂಡರು. ಬರ್ಮಿಂಗ್‌ಹ್ಯಾಮಿನ ಒಂದು ಸೇತುವೆಗೆ ಆ ತಂಡದ ಹೆಸರಿದೆ. ಅಲ್ಲಿ ಜನ ಸಾಲುಗಟ್ಟಿ ಹೂ ಇಟ್ಟರು.

ಈಗ ಸ್ವಲ್ಪ ಉತ್ತರಕ್ಕೆ ಹೋಗೋಣ. ಯಾರ್ಕ್‌ಶೈರ್. ಬೆಟ್ಟ, ಜೌಗು, ಮಂಜು, ಎಡೆಬಿಡದ ಮಳೆ. ಆಗುಂಬೆಯಷ್ಟು ಮಳೆ ಅಲ್ಲಿ ಇಲ್ಲ ಬಿಡಿ, ಆದರೆ ಮಬ್ಬು ಅದೇ. ಉಣ್ಣೆ ಗಿರಣಿಗಳ ಊರುಗಳು. ಹ್ಯಾಲಿಫ್ಯಾಕ್ಸಿನಲ್ಲಿ 1988ರಲ್ಲಿ ಪ್ಯಾರಡೈಸ್ ಲಾಸ್ಟ್ ತಂಡ ಹುಟ್ಟಿತು. ಅವರ 1991ರ ಆಲ್ಬಮ್ಮಿನ ಹೆಸರೇ 'ಗೋಥಿಕ್'. ಈ ಪ್ರಕಾರಕ್ಕೆ ಹೆಸರು ಗಟ್ಟಿಯಾದದ್ದು ಅಲ್ಲಿಂದ. ಪಕ್ಕದ ಬ್ರಾಡ್‌ಫರ್ಡಿನಲ್ಲಿ 1990ರಲ್ಲಿ ಮೈ ಡೈಯಿಂಗ್ ಬ್ರೈಡ್. ಇವರ ಹಾಡುಗಳಲ್ಲಿ ಗಿಟಾರಿನ ಮೇಲೆ ಪಿಟೀಲು ಅಳುತ್ತಾ ಸಾಗುತ್ತದೆ.

ಇದೇ ನೆಲದಲ್ಲೇ ಯಾಕೆ? ಬ್ರಾಡ್‌ಫರ್ಡಿಗೆ ಹತ್ತಿರದಲ್ಲೇ ಹಾವರ್ತ್ ಅಂತ ಊರಿದೆ. ಕಾದಂಬರಿಗಳನ್ನು ಬರೆದ ಬ್ರಾಂಟೆ ಸೋದರಿಯರ ಊರು. ಅವರ ಮನೆಯ ಕಿಟಕಿ ತೆರೆದರೆ ಸ್ಮಶಾನ. ಎಮಿಲಿ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಸತ್ತ ಹುಡುಗಿ ರಾತ್ರಿ ಕಿಟಕಿಗೆ ಬಂದು ಒಳಗೆ ಬಿಡಿ ಅಂತ ಬೇಡುತ್ತಾಳೆ. ಅವಳನ್ನು ಪ್ರೀತಿಸಿದವನು ಕಿಟಕಿ ತೆಗೆದು ಬಾ, ಇನ್ನೊಮ್ಮೆ ಬಾ ಅಂತ ಕೂಗಿ ಅಳುತ್ತಾನೆ. ನೋಡಿ, ದೆವ್ವವನ್ನು ಓಡಿಸುವ ಬದಲು ಬಾ ಅನ್ನುತ್ತಾನೆ. ಮೈ ಡೈಯಿಂಗ್ ಬ್ರೈಡಿನ ಅರ್ಧಕ್ಕರ್ಧ ಹಾಡುಗಳ ಬೀಜ ಈ ಒಂದು ದೃಶ್ಯದಲ್ಲಿದೆ ಅಂತ ನನಗನ್ನಿಸುತ್ತದೆ. ಇನ್ನೊಂದು ಸಂಗತಿ ಕೇಳಿ. 1850ರಲ್ಲಿ ಹಾವರ್ತಿನ ನೀರು, ಚರಂಡಿ ನೋಡಲು ಸರ್ಕಾರದ ಇನ್‌ಸ್ಪೆಕ್ಟರ್ ಬಂದರು. ಅಲ್ಲಿ ಜನ ಸಾಯುವ ಸರಾಸರಿ ವಯಸ್ಸು 25ರ ಆಸುಪಾಸು ಇತ್ತು. ಐದಾರು ವರ್ಷ ತುಂಬುವ ಮೊದಲೇ ಹತ್ತರಲ್ಲಿ ನಾಲ್ಕು ಮಕ್ಕಳು ಹೋಗುತ್ತಿದ್ದವು. ಕಿಕ್ಕಿರಿದ ಸ್ಮಶಾನ, ಕೆಟ್ಟ ನೀರು. ಅಂಥ ಊರಿನಲ್ಲಿ ದೆವ್ವದ ಕತೆ ಹುಟ್ಟಲು ಕಲ್ಪನೆ ಜಾಸ್ತಿ ಬೇಕಿರಲಿಲ್ಲ. ಪ್ರತಿ ಮನೆಯಲ್ಲೂ ಕರೆಯಬೇಕಾದ ಹೆಸರೊಂದು ಇತ್ತು.

ನಮ್ಮ ಜಿಲ್ಲೆಗೂ ಇಂಥ ನೆನಪಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೆ ಜ್ವರ. ಉಣುಗಿನಿಂದ ಹರಡುವ ವೈರಸ್ ಅಂತ ವಿಜ್ಞಾನಿಗಳು ಕಂಡುಹಿಡಿದರು. 2019ರಲ್ಲಿ ಸಾಗರದ ಅರಳಗೋಡಿನ ಕಡೆ ಮತ್ತೆ ಅದೇ ಕಾಯಿಲೆಗೆ ಜನ ಹೋದರು. ಕಾಡಿನಲ್ಲಿ ಮಂಗ ಸತ್ತಿದೆ ಅಂದರೆ ಇವತ್ತಿಗೂ ಆ ಊರುಗಳಲ್ಲಿ ಎದೆ ನಡುಗುತ್ತದೆ. ನಾನು ಕೇಳಿದ ಎಷ್ಟೋ ಮೆಟಲ್ ಹಾಡುಗಳ ಶಕುನಕ್ಕಿಂತ ದೊಡ್ಡ ಶಕುನ ಅದು. ಅದರ ಮೇಲೆ ಒಂದು ಹಾಡು ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ.

ನನಗೆ ಈ ಎಲ್ಲ ತಂಡಗಳಲ್ಲಿ ತುಂಬಾ ಹತ್ತಿರದವರು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಟೈಪ್ ಓ ನೆಗೆಟಿವ್. ಹಾಡುತ್ತಿದ್ದವರು ಪೀಟರ್ ಸ್ಟೀಲ್. ಪಾತಾಳದಿಂದ ಬಂದಂಥ ಕಂಠ. ಒಂದು ಕಾಲದಲ್ಲಿ ಊರಿನ ಪಾರ್ಕುಗಳ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರು. 1996ರ 'ಅಕ್ಟೋಬರ್ ರಸ್ಟ್' ಆಲ್ಬಮ್ಮಿನಲ್ಲಿ ಕ್ರಿಸ್‌ಮಸ್ ರಾತ್ರಿಯ ಹಾಡೊಂದಿದೆ. ಹೋದ ವರ್ಷ ಊಟಕ್ಕೆ ಹನ್ನೊಂದು ಜನ ಕೂತಿದ್ದರು. ಈ ವರ್ಷ ಏಳೇ ಜನಕ್ಕೆ ತಟ್ಟೆ ಹಾಕಿದೆ. ಅಷ್ಟೇ ವಿಷಯ. ರಕ್ತಪಿಶಾಚಿ ಇಲ್ಲ, ಕೋಟೆ ಇಲ್ಲ. ಹಬ್ಬದ ಮನೆ, ಖಾಲಿ ಕುರ್ಚಿ. 1999ರ 'ವರ್ಲ್ಡ್ ಕಮಿಂಗ್ ಡೌನ್' ಇನ್ನೂ ಕಠಿಣ. ಮನೆಯವರ ಸಾವು, ತನ್ನ ಚಟ, ತನ್ನ ದೇಹದ ಸೋಲು. ಹಾಡುಗಳ ನಡುವೆ ಮೂರು ಸಣ್ಣ ತುಣುಕುಗಳಿವೆ. ಅವುಗಳಲ್ಲಿ ಎರಡಕ್ಕೆ ಪಿತ್ತಜನಕಾಂಗ, ಶ್ವಾಸಕೋಶ ಎಂದೇ ಹೆಸರು. ಚಟ ದೇಹದ ಯಾವ ಭಾಗವನ್ನು ತಿನ್ನುತ್ತದೋ ಆ ಭಾಗದ ಹೆಸರು. 2010ರಲ್ಲಿ, 48ನೇ ವಯಸ್ಸಿನಲ್ಲಿ, ಸ್ಟೀಲ್ ಹೋಗಿಬಿಟ್ಟರು.

ನಮ್ಮ ಅಪ್ಪ ತೀರಿಕೊಂಡ ವರ್ಷ ಆ ಕ್ರಿಸ್‌ಮಸ್ ಹಾಡನ್ನು ನಾನು ಸಾಗರದ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ತುಂಬಾ ಕೇಳಿದೆ. ದೀಪಾವಳಿಗೆ ಮನೆಯಲ್ಲಿ ಸಂಭ್ರಮ ಇರಲಿಲ್ಲ, ಹಬ್ಬ ಮಾಡುವ ಹಾಗೆಯೂ ಇರಲಿಲ್ಲ. ಆದರೆ ನಮಗೊಂದು ದಾರಿ ಇತ್ತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಅಪ್ಪನಿಗೆ ಇಷ್ಟವಾದದ್ದನ್ನೇ ಮಾಡುತ್ತೇವೆ. ಬಾಳೆಲೆ ಹಾಕಿ, ಬಡಿಸಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಣ್ಣಲಿ ಅಂತ. ಕಾಗೆ ಎಡೆ ಮುಟ್ಟದಿದ್ದರೆ ಅಮ್ಮ ಹತ್ತಿರ ಹೋಗಿ ಕೇಳುತ್ತಾರೆ, 'ಏನ್ರೀ, ಏನು ಕಮ್ಮಿ ಆಯ್ತು? ಮಗಳನ್ನ ಚೆನ್ನಾಗಿ ನೋಡ್ಕೊಳ್ತೀವಿ' ಅಂತ. ಸತ್ತವರ ಆಸೆ ಉಳಿದಿದೆ, ಅವರ ಜತೆ ಮಾತಾಡಬಹುದು, ಮಾತು ಕೊಟ್ಟರೆ ಅವರು ಕೇಳುತ್ತಾರೆ. ಇಡೀ ಗೋಥಿಕ್ ಸಾಹಿತ್ಯ, ಅಂದರೆ ದೆವ್ವ ಮತ್ತು ಭಯದ ಕತೆಗಳ ಸಾಹಿತ್ಯ, ನಿಂತಿರುವುದು ಇದೇ ನಂಬಿಕೆಯ ಮೇಲೆ. ವ್ಯತ್ಯಾಸ ಒಂದೇ. ನಮ್ಮಲ್ಲಿ ಅದಕ್ಕೆ ದಿನ ಇದೆ, ಎಲೆ ಇದೆ, ಬಡಿಸುವ ಕೈ ಇದೆ. ಬ್ರೂಕ್ಲಿನ್ನಿನ ಆ ಮನೆಯಲ್ಲಿ ಏಳು ತಟ್ಟೆ ಹಾಕಿದರು, ಉಳಿದ ನಾಲ್ಕನ್ನು ಎಲ್ಲಿ ಹಾಕಬೇಕು ಅಂತ ಹೇಳುವವರು ಇರಲಿಲ್ಲ. ಸ್ಟೀಲ್ ಅವನ್ನು ಹಾಡಿನೊಳಗೆ ಹಾಕಿದರು. ಹಾಗಂತ ನಾನು ನಂಬುತ್ತೇನೆ.

ಭಯದ ವಿಷಯದಲ್ಲೂ ಹೀಗೇ. ನಮ್ಮ ಊರಿನ ಗಡಿಯಲ್ಲಿ ಚೌಡಿ ಇದ್ದಾಳೆ. ಹೆದರಿಕೆಯೇ. ಹೊತ್ತಲ್ಲದ ಹೊತ್ತಲ್ಲಿ ಆ ಬನದ ಕಡೆ ಹೋಗುವುದಿಲ್ಲ. ಆದರೆ ಅವಳಿಗೆ ಜಾಗ ಬಿಟ್ಟಿದ್ದೇವೆ, ವರ್ಷಕ್ಕೊಮ್ಮೆ ಅವಳ ಪಾಲು ಕೊಡುತ್ತೇವೆ, ಊರು ಕಾಯುವವಳೂ ಅವಳೇ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಲ್ಲೂ ದೆವ್ವದ ಜತೆ ಮಾತೇ ನಡೆದದ್ದು.

ಇನ್ನು ದನಿಯ ವಿಷಯ. ಈ ಹಾಡುಗಳನ್ನು ಮೊದಲ ಸಲ ಕೇಳಿದವರು ಓಡಿಹೋಗುವುದು ಆ ಗುರುಗುಟ್ಟುವ ಕಂಠಕ್ಕೆ. ಗ್ರೌಲ್ ಅನ್ನುತ್ತಾರೆ. ಬರೀ ಕಿರುಚಾಟ ಅಂತ ತಿಳಿಯಬೇಡಿ. ನಾವು ಮಾತಾಡುವ ಧ್ವನಿತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ. ಅವನ್ನು ನಡುಗಿಸಿ ಹೊರಡಿಸುವ ದನಿ ಅದು, ಕಲಿಯಲು ವರ್ಷಗಳೇ ಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷ ಪರದೆ ಹಿಂದೆ ನಿಂತು ಅಬ್ಬರ ಕೊಡುತ್ತದಲ್ಲ, ಮುಖ ಕಾಣುವ ಮೊದಲೇ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವಲ್ಲ, ಆ ಕೆಲಸವನ್ನು ಇದೂ ಮಾಡುತ್ತದೆ. ಪಾತ್ರಿಯ ಮೈಮೇಲೆ ದರ್ಶನ ಬಂದಾಗ ಅವನ ದನಿ ಬದಲಾಗುತ್ತದೆ. ನಿನ್ನೆ ಅಂಗಡಿಯಲ್ಲಿ ಅಡಿಕೆ ರೇಟು ಮಾತಾಡಿದ ದನಿ ಅಲ್ಲ ಅದು. ಮನುಷ್ಯನ ಆಚೆಯಿಂದ ಯಾರೋ ಮಾತಾಡುತ್ತಿದ್ದಾರೆ ಅಂತ ತೋರಿಸಲು ಲೋಕದ ಎಲ್ಲ ಕಡೆಯೂ ಜನ ಮೊದಲು ಬದಲಿಸುವುದು ದನಿಯನ್ನೇ.

ನಾರ್ವೆಯ ಥಿಯೇಟರ್ ಆಫ್ ಟ್ರಾಜಿಡಿ ಈ ದನಿಗೆ ಎದುರಾಗಿ ಹೆಣ್ಣಿನ ತಿಳಿಯಾದ ಕಂಠವನ್ನು ನಿಲ್ಲಿಸಿತು. 1995, 1996ರಲ್ಲಿ ಬಂದ ಅವರ ಮೊದಲ ಎರಡು ಆಲ್ಬಮ್‌ಗಳು. ಗಂಡು ದನಿ ರೇಮಂಡ್ ರೊಹೊನಿ, ಹೆಣ್ಣು ದನಿ ಲಿವ್ ಕ್ರಿಸ್ಟೀನ್. ಪದಗಳೂ ಹಳೆಯ ಇಂಗ್ಲಿಷಿನಲ್ಲಿ, ನಾಲ್ಕು ಶತಮಾನದ ಹಿಂದಿನ ನಾಟಕಗಳ ಭಾಷೆಯಲ್ಲಿ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ. ತಾಳಮದ್ದಲೆ ಕೇಳಿ ಬೆಳೆದವರಿಗೆ ಈ ವಾದದ ರುಚಿ ಕೂಡಲೇ ಹತ್ತುತ್ತದೆ. ಸಾವು ಒಬ್ಬ ಕನ್ಯೆಯನ್ನು ಹಿಡಿದುಕೊಂಡು ಮಾತಾಡಿಸುವ ಚಿತ್ರಗಳನ್ನು 16ನೇ ಶತಮಾನದ ಜರ್ಮನ್ ಚಿತ್ರಕಾರರು ಬರೆದಿದ್ದರು. ಆ ಚಿತ್ರಕ್ಕೆ ಬಾಯಿ ಬಂದದ್ದು ಇಲ್ಲಿ.

ಇಲ್ಲಿ ನನಗೊಂದು ತಕರಾರಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಈ ಹಾಡುಗಳಲ್ಲಿ ಸಾಯುವವರು ಯಾರು? ಹತ್ತು ಹಾಡು ತೆಗೆದರೆ ಹೆಚ್ಚಿನವುಗಳಲ್ಲಿ ಒಬ್ಬ ಚೆಂದದ ಹುಡುಗಿ. ಬಿಳಿ ಬಟ್ಟೆ, ತಣ್ಣಗಾದ ಕೈ, ಮುಚ್ಚಿದ ಕಣ್ಣು. ಅಮೆರಿಕದ ಕವಿ ಎಡ್ಗರ್ ಅಲನ್ ಪೋ 1846ರಲ್ಲೇ ಒಂದು ಪ್ರಬಂಧದಲ್ಲಿ ಹೇಳಿಬಿಟ್ಟಿದ್ದರು, ಚೆಲುವೆಯೊಬ್ಬಳ ಸಾವಿಗಿಂತ ಕಾವ್ಯಕ್ಕೆ ಒಳ್ಳೆಯ ವಸ್ತು ಇಲ್ಲ ಎಂದು. ಅಳುವವನು ಗಂಡು, ಹಾಡುವವನು ಗಂಡು. ಸತ್ತವಳಿಗೆ ಏನನ್ನಿಸಿತು ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ಹಾಡುಗಳಲ್ಲಿ ಅವಳು ಸತ್ತದ್ದರಿಂದಲೇ ಇಷ್ಟವಾದಳೇನೋ ಅನ್ನಿಸುತ್ತದೆ. ಅದು ನನಗೆ ಸಹಿಸಲು ಕಷ್ಟ.

ಇದು ಅವರ ಊರಿನ ರೋಗ ಮಾತ್ರ ಅಲ್ಲ. ಇಲ್ಲೇ ಶಿವಪ್ಪ ನಾಯಕನ ಅರಮನೆಯ ಅಂಗಳಕ್ಕೆ ಹೋಗಿ ನೋಡಿ. ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಹೇಗೆ ಸತ್ತ, ಎಲ್ಲಿಗೆ ಹೋದ, ಈಗ ಎಲ್ಲಿದ್ದಾನೆ, ಎಲ್ಲಾ ಕತೆ ಕಲ್ಲಿನಲ್ಲೇ ಇದೆ. ಆಮೇಲೆ ಮಾಸ್ತಿಕಲ್ಲು ನೋಡಿ. ಒಂದು ಕೈ, ಮೊಣಕೈ ಮಡಚಿ ಎತ್ತಿದೆ. ಬಳೆಗಳಿವೆ. ಬೆರಳ ನಡುವೆ ನಿಂಬೆಹಣ್ಣು. ಕೆಲವು ಕಲ್ಲುಗಳಲ್ಲಿ ಅವಳ ಮುಖವೂ ಇಲ್ಲ, ತೋಳು ಮಾತ್ರ. ಚಿತೆಗೆ ಹೋದವಳ ನೆನಪು ಅಂತ ಪೂಜೆ ಮಾಡಿದೆವು, ಹೂ ಇಟ್ಟೆವು. ಅವಳ ಮಾತು ಒಂದೂ ಉಳಿದಿಲ್ಲ. ಬಲವಂತವಿತ್ತಾ, ಹೆದರಿದಳಾ, ಮಗು ಇತ್ತಾ? ಆ ಕೈ ಆಶೀರ್ವಾದಕ್ಕೆ ಎತ್ತಿದ್ದು ಅಂತ ಹೇಳುತ್ತಾರೆ. ನನಗೆ ಪ್ರತಿ ಸಲವೂ ಅದು ನಿಲ್ಲಿಸಿ ಅನ್ನುವ ಕೈ ಹಾಗೆ ಕಾಣುತ್ತದೆ.

ಹಾಗಾಗಿಯೇ ಟ್ರೀಸ್ ಆಫ್ ಎಟರ್ನಿಟಿ ತಂಡದ ಒಂದೇ ಒಂದು ಆಲ್ಬಮ್ ನನಗೆ ಅಷ್ಟು ಮುಖ್ಯ. ಹಾಡಿದವರು, ಪದ ಬರೆದವರು ಅಲೇಯಾ ಸ್ಟ್ಯಾನ್‌ಬ್ರಿಜ್, ದಕ್ಷಿಣ ಆಫ್ರಿಕಾ ಮೂಲದವರು. ಸಂಗೀತ ಅವರ ಸಂಗಾತಿ, ಫಿನ್‌ಲ್ಯಾಂಡಿನ ಯೂಹಾ ರೈವಿಯೋ ಅವರದ್ದು. 2016ರ ಏಪ್ರಿಲ್‌ನಲ್ಲಿ ಕ್ಯಾನ್ಸರ್ ಅಲೇಯಾ ಅವರನ್ನು ಒಯ್ಯಿತು. ಆಲ್ಬಮ್ ಹೊರಬಂದದ್ದು ಅದೇ ವರ್ಷ ನವೆಂಬರ್‌ನಲ್ಲಿ. ಕಿರುಚಾಟ ಇಲ್ಲ, ಪಿಸುಮಾತಿನಂಥ ಹಾಡುಗಾರಿಕೆ. ಇಲ್ಲಿ ಸಾವಿನ ಬಗ್ಗೆ ಹಾಡುವವಳು ಅವಳೇ, ತನ್ನದೇ ಪದಗಳಲ್ಲಿ. ಯಾರೂ ಅವಳ ಪರವಾಗಿ ಅಳುತ್ತಿಲ್ಲ. ಆಮೇಲೆ 2019ರಲ್ಲಿ ರೈವಿಯೋ ತಮ್ಮ ಇನ್ನೊಂದು ತಂಡ ಸ್ವಾಲೋ ದ ಸನ್ ಜತೆ ಅವಳನ್ನು ನೆನೆದು ಆಲ್ಬಮ್ ಮಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಹೋದವಳ ಮಾತು, ಉಳಿದವನ ಮಾತು. ಇದಕ್ಕಿಂತ ನಿಜವಾದ ಪ್ರೇತ ಸಂವಾದ ನನಗೆ ಗೊತ್ತಿಲ್ಲ.

ಪ್ರೀತಿ ಮತ್ತು ಸಾವನ್ನು ಒಟ್ಟಿಗೆ ಇಟ್ಟು ಹೆಣ್ಣು ತಾನೇ ಮಾತಾಡಿದ್ದು ನಮ್ಮ ಜಿಲ್ಲೆಯಲ್ಲಿ 12ನೇ ಶತಮಾನದಲ್ಲೇ ಆಗಿದೆ. ಶಿಕಾರಿಪುರದ ಉಡುತಡಿಯ ಅಕ್ಕಮಹಾದೇವಿ. ಗೋಥಿಕ್ ಹಾಡಿನ ನಾಯಕ ಸತ್ತವಳನ್ನು ಪ್ರೀತಿಸುತ್ತಾನೆ. ಅಕ್ಕ ಸಾವೇ ಇಲ್ಲದವನನ್ನು, ರೂಪವೇ ಇಲ್ಲದ ಚೆಲುವನನ್ನು ಆರಿಸಿಕೊಂಡಳು. ಸಾಯುವ, ಕೆಡುವ ಗಂಡರನ್ನು ಒಲೆಗೆ ಹಾಕು ಅಂದಳು. ಅಷ್ಟು ಧೈರ್ಯದ ಸಾಲನ್ನು ಯಾವ ಮೆಟಲ್ ತಂಡವೂ ಇನ್ನೂ ಬರೆದಿಲ್ಲ.

ಕೋಟೆ, ಬಾವಲಿ, ರಕ್ತಪಿಶಾಚಿಗಳ ಹಾಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಥವು ಸಾವಿರಾರು ಇವೆ, ಹೆಚ್ಚಿನವು ಬರೀ ವೇಷ. ಒಂದನ್ನು ಮಾತ್ರ ಬಿಡಬಾರದು. ಡೆನ್ಮಾರ್ಕಿನ ಕಿಂಗ್ ಡೈಮಂಡ್ 1987ರಲ್ಲಿ ಮಾಡಿದ 'ಅಬಿಗೇಲ್'. ಇಡೀ ಆಲ್ಬಮ್ ಒಂದೇ ದೆವ್ವದ ಕತೆ. ಗಂಡ ಹೆಂಡತಿ ಒಂದು ಹಳೆಯ ಬಂಗಲೆಗೆ ಬರುತ್ತಾರೆ. ಹುಟ್ಟುವ ಮೊದಲೇ ಸತ್ತ, ಸರಿಯಾಗಿ ಸಂಸ್ಕಾರ ಕಾಣದ ಮಗುವೊಂದರ ಆತ್ಮ ಅಲ್ಲಿ ಕಾದಿದೆ. ಒಬ್ಬನೇ ಗಾಯಕ ಎಲ್ಲ ಪಾತ್ರದ ದನಿ ಮಾಡುತ್ತಾನೆ. ಅಜ್ಜಿ ಹೇಳುವ ಕತೆಯ ಹಿಡಿತ ಅದರಲ್ಲಿದೆ.

ಪ್ರಶ್ನೆ ಬರೆದು ಕೊಡಿ ಅಂತ ಮೊದಲೇ ಹೇಳಿದ್ದೆ. ಒಬ್ಬ ತಾಯಿ ಬರೆದಿದ್ದಾರೆ. ಮಗ ಪಿಯುಸಿ, ದಿನವಿಡೀ ಇಂಥದ್ದೇ ಕೇಳುತ್ತಾನೆ, ಏನಾದರೂ ಮಾಡಿಕೊಂಡರೆ ಅಂತ ಭಯ ಎಂದು. ಅಮ್ಮಾ, ನಿಮ್ಮ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಮೆರಿಕದಲ್ಲಿ ಇಬ್ಬರು ಯುವಕರು ಜೀವ ಕಳೆದುಕೊಳ್ಳಲು ಹೊರಟಾಗ ಅವರು ಕೇಳುತ್ತಿದ್ದ ಜೂಡಾಸ್ ಪ್ರೀಸ್ಟ್ ತಂಡದ ಮೇಲೆ ಮನೆಯವರು ಕೇಸು ಹಾಕಿದ್ದರು. ಹಾಡಿನಲ್ಲಿ ಗುಟ್ಟಾಗಿ ಸಾಯಲು ಹೇಳುವ ಮಾತಿದೆ ಅಂತ ದೂರು. 1990ರಲ್ಲಿ ನೆವಾಡಾದ ನ್ಯಾಯಾಲಯ ತಂಡದ ಪರ ತೀರ್ಪು ಕೊಟ್ಟಿತು. ಆದರೆ ತೀರ್ಪಿನಿಂದ ಅಮ್ಮಂದಿರಿಗೆ ನಿದ್ದೆ ಬರುವುದಿಲ್ಲ, ಅದು ನನಗೂ ಗೊತ್ತು. ಜತೆಗೆ ಸಾಯೋಣ ಬಾ ಅಂತ ಕರೆಯುವ ಹಾಡುಗಳೂ ಈ ಗುಂಪಿನಲ್ಲಿವೆ. ಅವು ನನಗೆ ಇಷ್ಟವಿಲ್ಲ. ಅವು ದುಃಖದ ಹಾಡುಗಳೇ ಅಲ್ಲ, ದುಃಖದ ವೇಷ ಅಷ್ಟೇ.

ನೀವು ಒಂದು ಕೆಲಸ ಮಾಡಿ. ಯಾವ ಹಾಡು, ಏನು ಹೇಳುತ್ತಾನೆ ಅದರಲ್ಲಿ, ಅಂತ ಅವನನ್ನೇ ಕೇಳಿ. ಬೈಯುವ ದನಿಯಲ್ಲಿ ಬೇಡ. ಪಕ್ಕದಲ್ಲಿ ಕೂತು ಒಂದು ಹಾಡು ಪೂರ್ತಿ ಕೇಳಿ. ಮಕ್ಕಳು ತಮ್ಮ ಬಾಯಲ್ಲಿ ಹೇಳಲಾಗದ್ದನ್ನು ಎಷ್ಟೋ ಸಲ ಹಾಡಿನಿಂದ ಹೇಳಿಸುತ್ತಾರೆ. ಆದರೆ ಊಟ ನಿದ್ದೆ ಬಿಟ್ಟಿದ್ದರೆ, ಗೆಳೆಯರನ್ನು ಬಿಟ್ಟಿದ್ದರೆ, ನಾನಿದ್ದೇನು ಪ್ರಯೋಜನ ಅಂತ ಮಾತಾಡಿದರೆ ಹಾಡಿನ ಚರ್ಚೆ ಅಲ್ಲಿಗೆ ಬಿಡಿ. ಅವನನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಚೀಟಿ ಕಾಲೇಜು ಹುಡುಗಿಯದು. 'ಕನ್ನಡದಲ್ಲಿ ಇಂಥ ಹಾಡು ಆಗಲ್ವಾ ಸರ್?' ಅಂತ.

ಯಾಕಾಗಲ್ಲ! ಬೆಂಗಳೂರಿನಲ್ಲಿ ಮೆಟಲ್ ತಂಡಗಳು 90ರ ದಶಕದಿಂದಲೇ ಇವೆ. ಡೈಯಿಂಗ್ ಎಂಬ್ರೇಸ್ ಅಂಥದ್ದೇ ನಿಧಾನದ, ಭಾರದ ಸಂಗೀತ ಮಾಡಿದ ತಂಡ. ಹಾಡಿದ್ದು ಇಂಗ್ಲಿಷಿನಲ್ಲಿ. ಬೇರೆ ದೇಶದವರು ತಮ್ಮ ನೆಲಕ್ಕೆ ಮರಳಿದ್ದಾರೆ. ಫಿನ್‌ಲ್ಯಾಂಡಿನ ಅಮಾರ್ಫಿಸ್ 1994ರಲ್ಲಿ ತಮ್ಮ ಜನಪದ ಮಹಾಕಾವ್ಯ ಕಲೇವಲವನ್ನು ಹಾಡಿದರು. ಪೋರ್ಚುಗಲ್ಲಿನ ಮೂನ್‌ಸ್ಪೆಲ್ 2017ರ ಆಲ್ಬಮ್ಮಿಗೆ '1755' ಅಂತ ಹೆಸರಿಟ್ಟರು. ಆ ವರ್ಷ ನವೆಂಬರ್ 1ರಂದು, ಸಂತರ ಹಬ್ಬಕ್ಕೆ ಜನ ಚರ್ಚುಗಳಲ್ಲಿ ಸೇರಿದ್ದಾಗ, ಲಿಸ್ಬನ್ ನಗರ ಭೂಕಂಪಕ್ಕೆ ಬಿತ್ತು. ಆಮೇಲೆ ಸಮುದ್ರ ನುಗ್ಗಿತು, ಬೆಂಕಿ ಹತ್ತಿತು. ಅದನ್ನು ಅವರು ಪೋರ್ಚುಗೀಸಿನಲ್ಲೇ ಹಾಡಿದರು, ತಮ್ಮ ಊರಿನ ಹೆಣಗಳನ್ನು ತಮ್ಮ ಮಾತಿನಲ್ಲೇ ಎಣಿಸಿದರು.

ನಮ್ಮ ಹತ್ತಿರ ಏನಿದೆ ಅಂತ ನೋಡಿ. ರನ್ನನ ದುರ್ಯೋಧನ ರಾತ್ರಿಯಂಥ ಆ ರಣರಂಗದಲ್ಲಿ ಹೆಣಗಳನ್ನು ದಾಟುತ್ತಾ ನಡೆಯುತ್ತಾನೆ. ಮರುಳುಗಳು ಅವನನ್ನು ಹಂಗಿಸುತ್ತವೆ. ದ್ರೋಣ, ಮಗ, ತಮ್ಮ, ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ನಿಂತು ಮಾತಾಡಿಸುತ್ತಾನೆ, ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ಸಾವಿರ ವರ್ಷದ ಹಿಂದೆ ಬರೆದದ್ದು ಇದು. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಚಂಡಮಾರಿಯ ಗುಡಿ ಇದೆ. ಬಲಿಗೆ ತಂದ ಇಬ್ಬರು ಮಕ್ಕಳು ಅಲ್ಲಿ ಹೆದರದೆ ನಿಂತು ತಮ್ಮ ಹಿಂದಿನ ಜನ್ಮಗಳ ಸಾವನ್ನೆಲ್ಲ ರಾಜನಿಗೆ ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೇ ಎಷ್ಟು ಜನ್ಮ ಅಲೆದೆವು ಅಂತ. ಯಾವ ಗೋಥಿಕ್ ಕಾದಂಬರಿಯೂ ಇದರ ಹತ್ತಿರ ಬರುವುದಿಲ್ಲ.

ಪುಸ್ತಕ ಬೇಡ ಅಂದರೆ ಶರಾವತಿ ಇದೆ. 1964ರಲ್ಲಿ ಲಿಂಗನಮಕ್ಕಿ ತುಂಬಿತು. ಊರು, ಗದ್ದೆ, ತೋಟ, ಗುಡಿ, ಹಿರಿಯರನ್ನು ಸುಟ್ಟ ಜಾಗ ಎಲ್ಲಾ ನೀರಿನಡಿ ಹೋಯಿತು. ಅದಕ್ಕಿಂತ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ. ಅಲ್ಲಿಂದ ಎದ್ದು ಬಂದ ಕುಟುಂಬಗಳು ಜಿಲ್ಲೆಯ ತುಂಬಾ ಇವೆ. ಜಮೀನಿನ ಹಕ್ಕಿಗೆ ಇನ್ನೂ ಅಲೆಯುತ್ತಿವೆ. ಮನೆ ಬಿಟ್ಟು ಬಂದವರು ಎಡೆ ಇಡುವಾಗ ಹಿರಿಯರನ್ನು ಯಾವ ದಾರಿಯಿಂದ ಕರೆಯಬೇಕು? ಸತ್ತವರಿಗೆ ಹೊಸ ಮನೆಯ ವಿಳಾಸ ಗೊತ್ತಿದೆಯಾ? ಇದನ್ನು ನಾನು ಅಂಥ ಮನೆಯ ಅಜ್ಜಿಯೊಬ್ಬರ ಬಾಯಲ್ಲೇ ಕೇಳಿದ್ದು. ಅವರು ಹಾಡು ಅಂತ ಹೇಳಲಿಲ್ಲ, ನನಗೆ ಮಾತ್ರ ಅದು ಆಗಲೇ ಹಾಡಾಗಿ ಕೇಳಿಸಿತು. ಶ್ರುತಿ ಇಳಿಸಿದ ಒಂದು ಗಿಟಾರು, ಜತೆಗೆ ಚಂಡೆ, ಒಂದು ಹೆಣ್ಣು ದನಿ, ಇಷ್ಟು ಸಾಕು ಅದಕ್ಕೆ.

ಚೀಟಿ ಬರೆದ ಹುಡುಗಿ ಗಿಟಾರ್ ನುಡಿಸುತ್ತಾಳಂತೆ. ಮಾತು ಮುಗಿದ ಮೇಲೆ ಹೋಗಬೇಡಮ್ಮ, ಇಲ್ಲೇ ಇರು. ಮುಳುಗಡೆಯಿಂದ ಬಂದ ಮನೆಯವರು ಈ ಸಭೆಯಲ್ಲೇ ನಾಲ್ಕಾರು ಜನ ಇದ್ದಾರೆ. ಪರಿಚಯ ಮಾಡಿಕೊಡುತ್ತೇನೆ.